ಸವಾರನಿಗೆ ಹಾರ, ಜಾಡಮಾಲಿಗೆ?



ಹೈಫಾ ದಿನದ ನಿಮ್ಮ ಪುರವಣಿಯಲ್ಲಿ ಮೈಸೂರು, ಜೋಧ್‌ಪುರ ಲ್ಯಾನ್ಸರ್‌ಗಳು 1918ರ ಸೆಪ್ಟೆಂಬರ್ 23ರಂದು ಭರ್ಜಿ ಹಿಡಿದು ಊರು ಗೆದ್ದ ಕಥೆ ಚೆನ್ನಾಗಿತ್ತು. ನನ್ನ ತಕರಾರು ಪಕ್ಕದ ಬಾಕ್ಸ್‌ ಬಗ್ಗೆ. ಇಂಗ್ಲೆಂಡಿನ ಬ್ರಾಕನ್‌ಹರ್ಸ್ಟ್ ಹಳ್ಳಿಯ ಸೇಂಟ್ ನಿಕೊಲಸ್ ಚರ್ಚಿನ ಅಂಗಳದಲ್ಲಿ ‘ಭಾರತೀಯ ಯೋಧ’ನೊಬ್ಬನಿಗೆ ಮಣ್ಣು ಕೊಟ್ಟ ಪಾದ್ರಿಯ ಔದಾರ್ಯವನ್ನು ಅಲ್ಲಿ ಕೊಂಡಾಡಿದ್ದೀರಿ.

ಸುಖಾ ಎಂಬ ಅವನು ಯೋಧನಲ್ಲ, ಬರೇಲಿಯ ಜಾಡಮಾಲಿ. ಗಾಯಗೊಂಡ ಭಾರತೀಯ ಸೈನಿಕರಿಗೆಂದು ಆ ಹಳ್ಳಿಯಲ್ಲಿ ತೆರೆದಿದ್ದ ಲೇಡಿ ಹಾರ್ಡಿಂಜ್ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದು, 1915ರ ಜನವರಿ 12ರಂದು, 30ನೇ ವಯಸ್ಸಿಗೆ ತೀರಿಕೊಂಡ. ಅಸ್ಪೃಶ್ಯನೆಂದು ಹಿಂದೂಗಳು ಅವನ ಶವ ಸುಡಲು ಒಪ್ಪಲಿಲ್ಲ, ಮುಸ್ಲಿಮನಲ್ಲವೆಂದು ವೋಕಿಂಗ್‌ನ ಮುಸ್ಲಿಮರ ಸ್ಮಶಾನದಲ್ಲೂ ಜಾಗ ಸಿಗಲಿಲ್ಲ ಎಂಬುದು ಅಲ್ಲಿ ಇವತ್ತಿಗೂ ಹೇಳುವ ವೃತ್ತಾಂತ. ಕೊನೆಗೆ ಚರ್ಚಿನವರು ಜಾಗ ಕೊಟ್ಟರು, ಊರವರು ಕಲ್ಲು ನಿಲ್ಲಿಸಿದರು. ಕ್ರೈಸ್ತನಲ್ಲದಿದ್ದರೂ ಪರರಿಗಾಗಿ ಬಾಳು ಸವೆಸಿದ ಎಂಬರ್ಥದ ಮಾತು ಕಲ್ಲಿನಲ್ಲಿದೆ. ಅವನ ಮೊಹಲ್ಲಾದ ಹೆಸರೂ ಇದೆ. ತನ್ನವರೆನಿಸಿಕೊಂಡವರು ಅವನನ್ನು ಏನು ಮಾಡಿದರು ಎಂಬುದು ಮಾತ್ರ ಇಲ್ಲ. ಪರದೇಶದವರು ಸಂಕೋಚಕ್ಕೆ ಬಿಟ್ಟಿರಬಹುದು. ನಿಮ್ಮ ಪತ್ರಿಕೆಗೆ ಯಾರ ಸಂಕೋಚ?

ಪಾದ್ರಿಯನ್ನು ಹೊಗಳುವುದು ನಮಗೆ ಸಲೀಸು. ಹಾಗೆಂದು ದೊರೆಗಳೇನೂ ಸಾಚಾಗಳಲ್ಲ. ಭಾರತೀಯ ಗಾಯಾಳುಗಳಿಗೆಂದು ಬ್ರೈಟನ್ ಅರಮನೆಯಲ್ಲಿ ತೆರೆದಿದ್ದ ಆಸ್ಪತ್ರೆಯಲ್ಲಿ ಜಾತಿಮತ ನೋಡಿ 9 ಅಡುಗೆಮನೆ ಮಾಡಿಸಿದವರು, ಹಿಂದೂಗಳಿಗೊಂದು ಮುಸ್ಲಿಮರಿಗೊಂದು ನಲ್ಲಿ ಹಾಕಿಸಿದವರು, ಕಕ್ಕಸು ತೊಳೆಯಲು ಸುಖಾನಂಥವರನ್ನೇ ಹುಡುಕಿ ಕರೆದೊಯ್ದವರು ಅವರೇ.

ಇದು ಒಬ್ಬನ ಕಥೆಯಲ್ಲ. ಮೊದಲ ಮಹಾಯುದ್ಧದಲ್ಲಿ ಭಾರತೀಯ ಸೇನೆಯ ಜೊತೆ ಬಂದೂಕು ಹಿಡಿಯದೆ ದುಡಿದವರೇ 5.5 ಲಕ್ಷಕ್ಕೂ ಹೆಚ್ಚು ಎನ್ನುತ್ತಾರೆ ಇತಿಹಾಸಕಾರ್ತಿ ರಾಧಿಕಾ ಸಿಂಘಾ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ ತನ್ನ ಕಡತಗಳನ್ನು ತಾನೇ ಜಾಲಾಡಿ, ಕನಿಷ್ಠ 1.16 ಲಕ್ಷ ಮೃತರಿಗೆ, ಮುಖ್ಯವಾಗಿ ಪೂರ್ವ ಆಫ್ರಿಕಾ ಮತ್ತು ಈಜಿಪ್ಟಿನವರಿಗೆ, ಹೆಸರಿನ ಸ್ಮಾರಕವೇ ಇಲ್ಲವೆಂದು 2021ರಲ್ಲಿ ಒಪ್ಪಿ ಕ್ಷಮೆ ಕೇಳಿತು. ಮೈಸೂರು ಸಂಸ್ಥಾನದ ದಳದ ಮಟ್ಟಿಗೆ ಈ ಲೆಕ್ಕ ಕೇಳಬೇಕಾದವರು ನಾವು, ಲಂಡನ್ನಿನವರಲ್ಲ.

ಬೆಂಗಳೂರಿನ ಜೆ.ಸಿ. ನಗರದ ಲ್ಯಾನ್ಸರ್ಸ್ ಸ್ಮಾರಕಕ್ಕೆ ಹಾರ ಹಾಕುವ ಗಣ್ಯರು ಮುಂದಿನ ಸೆಪ್ಟೆಂಬರ್‌ ಒಳಗೆ ಒಂದು ಕೆಲಸ ಮಾಡಿಸಲಿ. ಕುದುರೆ ಕಾಸ್ತಾರರು, ನೀರು ಹೊತ್ತ ಭಿಸ್ತಿಗಳು, ಜಾಡಮಾಲಿಗಳು ಯಾರ್ಯಾರು ಹೋದರು, ಯಾರು ಮರಳಲಿಲ್ಲ ಎಂದು ರಾಜ್ಯ ಪತ್ರಾಗಾರದಲ್ಲಿ ಹುಡುಕಿಸಲಿ. ಸಿಕ್ಕ ಹೆಸರುಗಳನ್ನು ಸವಾರರ ಪಕ್ಕದಲ್ಲೇ ಕೆತ್ತಿಸಲಿ. ದಯವಿಟ್ಟು ಅಲ್ಲೂ ಬೇರೆ ಪಂಕ್ತಿ ಹಾಕಬೇಡಿ.

– ಒಬ್ಬ ಓದುಗ, ಮೈಸೂರು