ದೇವಾಲಯವೂ ವಿನೋದವೂ

ಹೋದ ವರ್ಷ ನಮ್ಮ ಶಾಲೆಯ ಕ್ರಿಸ್ಮಸ್ ಗೀತಾರಾಧನೆಗೆ ಪಟ್ಟಣದಿಂದ ಒಂದು ವಾದ್ಯಮೇಳವನ್ನು ಕರೆಯಿಸಿದ್ದೆವೆಂಬುದನ್ನು ಪೋಷಕರಲ್ಲಿ ಅನೇಕರು ಬಲ್ಲರು. ಬಣ್ಣದ ದೀಪಗಳಿಗಾಗಲಿ, ಸಿನಿಮಾ ಧಾಟಿಯ ಹಾಡುಗಳಿಗಾಗಲಿ ಕೊರತೆಯಿರಲಿಲ್ಲ. ಹಿಂದೆಂದೂ ಕಾಣದಷ್ಟು ಜನ ಕೂಡಿದರು, ನಾವೂ ಹಿಗ್ಗಿದೆವು. ಆದರೆ ಎರಡು ತಿಂಗಳ ಕಾಲ ಅಭ್ಯಾಸ ಮಾಡಿದ್ದ ನಮ್ಮ ಹುಡುಗಿಯರು ಒಂದೇ ಗೀತವನ್ನು ಹಾಡಿ ಕುಳಿತರು. ಮರುದಿನ ಎಂಟನೆಯ ತರಗತಿಯ ಬಾಲೆಯೊಬ್ಬಳು, "ಟೀಚರ್, ಇನ್ನು ಮೇಲೆ ನಾವು ಹಾಡಿನ ಅಭ್ಯಾಸಕ್ಕೆ ಬರಬೇಕೇ?" ಎಂದು ಕೇಳಿದಳು. ಆ ಪ್ರಶ್ನೆಯೇ ಈ ಲೇಖನಕ್ಕೆ ಕಾರಣವು.

ಈ ಮೋಹವು ನಮಗೆ ಮಾತ್ರ ಉಂಟಾದುದಲ್ಲ. ಇಂಗ್ಲೆಂಡಿನ ನಾರ್ವಿಚ್ ನಗರದ ಪ್ರಾಚೀನ ಮಹಾದೇವಾಲಯದೊಳಗೆ 2019ರ ಆಗಸ್ಟಿನಲ್ಲಿ, ಜಾತ್ರೆಗಳಲ್ಲಿ ನಿಲ್ಲಿಸುವಂತಹ ಸುಮಾರು 50 ಅಡಿ ಎತ್ತರದ ಸುರುಳಿ ಜಾರುಬಂಡೆಯನ್ನು ನಿಲ್ಲಿಸಿದರು. ಅದೇ ಬೇಸಿಗೆಯಲ್ಲಿ ರಾಚೆಸ್ಟರಿನ ದೇವಾಲಯದಲ್ಲಿ ಗಾಲ್ಫ್ ಆಟದ ಕಿರು ಅಂಕಣವನ್ನು ಹಾಕಿದರು. 1170ರಲ್ಲಿ ತಾಮಸ್ ಬೆಕೆಟ್ಟರು ಹತರಾದ ಕ್ಯಾಂಟರ್ಬರಿಯ ದೇವಾಲಯದಲ್ಲಿಯೇ 2024ರ ಫೆಬ್ರವರಿಯಲ್ಲಿ ಜನರು ಕಿವಿಗೆ ಶ್ರವಣಯಂತ್ರಗಳನ್ನು ತೊಟ್ಟು 1990ರ ದಶಕದ ಹಾಡುಗಳಿಗೆ ಕುಣಿದರು. ಇದನ್ನು ಮಾಡಿಸಿದವರು ಭಕ್ತಿಹೀನರೆಂದು ಹೇಳಲಾರೆವು. ಜಾರುಬಂಡೆ ಏರಿದವರು ಚಾವಣಿಯ ಕೆತ್ತನೆಗಳಲ್ಲಿರುವ ವೇದಕಥೆಗಳನ್ನು ಸಮೀಪದಿಂದ ಕಾಣಲಿ ಎಂಬುದು ನಾರ್ವಿಚ್ಚಿನವರ ಉದ್ದೇಶವಾಗಿತ್ತು. ಬರಿದಾದ ಪೀಠಗಳನ್ನು ನೋಡುವ ಸಭಾಪಾಲಕರ ಸಂಕಟವು ಸಣ್ಣದಲ್ಲ.

ಜನರ ರಾಗವನ್ನು ದೇವಾಲಯದೊಳಗೆ ತರಬಾರದೆಂದು ನಾವು ವಾದಿಸುವುದೂ ಇಲ್ಲ. ತಂಜಾವೂರಿನ ವೇದನಾಯಕಂ ಶಾಸ್ತ್ರಿಗಳು (1774–1864) ಕಣಿ ಹೇಳುವ ಕೊರವಂಜಿಯ ಆಟದ ರೂಪದಲ್ಲಿಯೇ ಕ್ರಿಸ್ತನ ಕಥೆಯನ್ನು ತಮಿಳಿನಲ್ಲಿ ಹಾಡಿದರು. ಸಾಲ್ವೇಶನ್ ಆರ್ಮಿಯವರು ಹತ್ತೊಂಬತ್ತನೆಯ ಶತಮಾನದಲ್ಲಿ ವಿನೋದಶಾಲೆಗಳ ಧಾಟಿಗಳಿಗೆ ದೇವರ ಪದಗಳನ್ನು ಕೂಡಿಸಿ ಲಂಡನಿನ ಬೀದಿಗಳಲ್ಲಿ ಹಾಡಿದರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರು ಜರ್ಮನ್ ರಾಗಗಳಿಗೆ ಕನ್ನಡ ಪದಗಳನ್ನು ಹೊಂದಿಸಿದರು. ಆರಂಭದಲ್ಲಿ ಪರಕೀಯವಾಗಿದ್ದ ಆ ರಾಗಗಳೇ ಇಂದು ನಮ್ಮ ಮನೆಮನೆಯ ಸ್ವತ್ತಾಗಿವೆ.

ಹಾಗಾದರೆ ಭೇದವೆಲ್ಲಿ? ಅವರು ತಂದ ರಾಗಗಳನ್ನು ಬಂದ ಜನರೇ ಹಾಡಿದರು. ಅಕ್ಷರ ಬಾರದ ಮುದುಕಿಯೂ ಪಲ್ಲವಿಯನ್ನು ಕಲಿತು ಮನೆಗೆ ಒಯ್ದಳು. ನಾವು ಕರೆಯಿಸಿದ ಮೇಳವಾದರೋ ಜನರನ್ನು ಪ್ರೇಕ್ಷಕರನ್ನಾಗಿ ಮಾಡಿತು. ಆರಾಧನೆಯು ಮಾಡತಕ್ಕ ಕೆಲಸವೇ ಹೊರತು ನೋಡತಕ್ಕ ಆಟವಲ್ಲ. ಜನರನ್ನು ಸೆಳೆಯುವ ಯಾವ ಉಪಾಯವನ್ನಾದರೂ ನಾವು ಒಂದೇ ಪ್ರಶ್ನೆಯಿಂದ ಅಳೆಯಬೇಕು: ಬಂದವನಿಗೆ ಇಲ್ಲಿ ಮಾಡಲು ಏನಾದರೂ ಕೆಲಸವುಂಟೋ, ಇಲ್ಲವೋ? ಅಲ್ಲದೆ, ವಿನೋದಕ್ಕಾಗಿ ಬಂದವನು ಮುಂದಿನ ವರ್ಷ ಹೆಚ್ಚಿನ ವಿನೋದವನ್ನು ಬೇಡುವನು. ಆ ಸ್ಪರ್ಧೆಯಲ್ಲಿ ಸಿನಿಮಾ ಮಂದಿರವನ್ನು ದೇವಾಲಯವು ಎಂದಿಗೂ ಗೆಲ್ಲಲಾರದು. ಗೆದ್ದರೂ ಅದು ದೇವಾಲಯವಾಗಿ ಉಳಿಯದು.

ಯುವಜನರು ಬೇಸರಗೊಳ್ಳುವರೆಂದು ಕೆಲವು ಪೋಷಕರು ಹೇಳುತ್ತಾರೆ. ಬೇಸರವನ್ನು ನಾವೂ ಬಲ್ಲೆವು. ಆದರೆ ಬಾಲಿಕೆಯರಿಗೆ ಬೇಸರ ಬರುವುದು ರಾಗವು ಹಳೆಯದೆಂದಲ್ಲ, ತಮ್ಮಿಂದ ಯಾರೂ ಏನನ್ನೂ ನಿರೀಕ್ಷಿಸದಿದ್ದಾಗ ಎಂಬುದು ಇಷ್ಟು ವರ್ಷಗಳ ಅಧ್ಯಾಪನದಿಂದ ನಾವು ಕಂಡುಕೊಂಡ ಮಾತು.

ಆ ಬಾಲೆಗೆ ಅಂದು ತಕ್ಕ ಉತ್ತರ ಕೊಡಲಿಲ್ಲ, ಇಂದು ಕೊಡುತ್ತೇವೆ. ಬರಬೇಕು, ಮಗಳೇ, ನೀನಿಲ್ಲದೆ ಆರಾಧನೆ ನಡೆಯದು. ಈ ವರ್ಷ ಮೇಳವನ್ನು ಕರೆಯಿಸುವುದಿಲ್ಲ. ಹುಡುಗಿಯರು ತಾವೇ ಆರಿಸಿದ ಗೀತಗಳನ್ನು, ಇಷ್ಟವಿದ್ದರೆ ಹೊಸ ಧಾಟಿಯಲ್ಲಿಯೇ, ಹಾಡುವರು. ಪ್ರತಿಯೊಂದರ ಪಲ್ಲವಿಯನ್ನು ಸಭೆಯೆಲ್ಲವೂ ಎತ್ತಿಕೊಳ್ಳಬೇಕು. ನಮ್ಮಲ್ಲಿ ಓದುವ ಇತರ ಮತಗಳ ಮಕ್ಕಳ ಪೋಷಕರಿಗೂ ಆದರದ ಸ್ವಾಗತವುಂಟು. ಹಾಡಬೇಕೆಂಬ ಬಲವಂತವು ಅವರಿಗಿಲ್ಲ. ಹಳೆಯ ವಿದ್ಯಾರ್ಥಿನಿಯರಾದರೋ ತಮ್ಮ ಗೀತಪುಸ್ತಕಗಳೊಡನೆ ಬರಲಿ. ಜನ ಕಡಿಮೆಯಾದರೆ ಆಗಲಿ. ಬಂದವರ ಬಾಯಿ ಮುಚ್ಚಿರದಿದ್ದರೆ ಸಾಕು.

— ಮುಖ್ಯೋಪಾಧ್ಯಾಯಿನಿ