ಅರ್ಜಿಗೆ ಮೊದಲು ಹಾಡುವವರನ್ನು ಕೇಳಿ

ನಮ್ಮ ಪರಂಪರೆಯ ಕೆಲಸಕ್ಕೆ ಎಲ್ಲಿಂದಾದರೂ ಅನುದಾನ ಕೇಳೋಣ ಎಂದಾಗಲೆಲ್ಲ ಊರಿನಿಂದ ಬರುವ ಉತ್ತರ ಒಂದೇ. "ಬೇರೆಯವರ ಮುಂದೆ ಕೈ ಚಾಚುವುದು ಯಾಕೆ? ಗಲ್ಫಿನಲ್ಲಿರುವ ನಾಲ್ಕು ಹುಡುಗರಿಗೆ ಒಂದು ವಾಟ್ಸಾಪ್ ಹಾಕಿದರೆ ಸಾಲದಾ?" ಮಾತಿನಲ್ಲಿ ಸುಳ್ಳಿಲ್ಲ. ಬಡ ಹುಡುಗಿಯ ಮದುವೆಗೆ, ಆಸ್ಪತ್ರೆಯ ಬಿಲ್ಲಿಗೆ, ಮದ್ರಸದ ಮಾಡಿಗೆ ಬ್ಯಾರಿಗಳು ಕೈ ಹಿಂದೆ ಮಾಡಿದ್ದನ್ನು ನಾನು ಕಂಡಿಲ್ಲ. ಆದರೆ ಆ ಹಣ ಕಣ್ಣಿಗೆ ಕಾಣುವ ಕೆಲಸಕ್ಕೆ ಬರುತ್ತದೆ. ಮೂರು ವರ್ಷ ಮನೆಮನೆಗೆ ಹೋಗಿ ಅಜ್ಜಿಯರ ಹಾಡು ರೆಕಾರ್ಡ್ ಮಾಡುವುದು, ಹಳೆಯ ಕಾಗದ ಒಂದೊಂದಾಗಿ ಸ್ಕ್ಯಾನ್ ಮಾಡುವುದು, ಅದನ್ನು ಕೇಳಿ ಬರೆದಿಡುವುದು, ಇದಕ್ಕೆ ಮೊದಲ ತಿಂಗಳು ಉತ್ಸಾಹದ ಹಣ ಬರುತ್ತದೆ, ಆರನೇ ತಿಂಗಳು ಫೋನೇ ಎತ್ತುವುದಿಲ್ಲ. ಅವರ ತಪ್ಪೂ ಅಲ್ಲ. ಆದ್ದರಿಂದ ಅನುದಾನಕ್ಕೆ ಅರ್ಜಿ ಹಾಕಬೇಕು ಎನ್ನುವವರ ಪಕ್ಷ ನನ್ನದು. ಹೇಗೆ ಹಾಕಬೇಕು ಎಂಬಲ್ಲಿ ಮಾತ್ರ ನನ್ನ ಜೊತೆಗಾರರ ಜೊತೆ ಜಗಳ ಉಂಟು.

ನಾನು ಇರುವುದು ಅವಿನಾಶಿಯಲ್ಲಿ, ಕೆಲಸ ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ. ಇಲ್ಲಿ ಒಂದು ಟೀ ಶರ್ಟಿಗೆ ಬೆಲೆ ಹೇಳುವ ಮೊದಲು ನೂಲು, ನೇಯ್ಗೆ, ಬಣ್ಣ, ಹೊಲಿಗೆ, ಚೆಕಿಂಗ್, ಪ್ಯಾಕಿಂಗ್ ಎಲ್ಲವನ್ನೂ ಪೈಸೆ ಲೆಕ್ಕದಲ್ಲಿ ಬರೆಯಬೇಕು. ಹೊಲಿಯುವವನ ಪೀಸ್ ರೇಟ್ ಬಿಟ್ಟು ಯಾರೂ ಕಾಸ್ಟಿಂಗ್ ಮಾಡುವುದಿಲ್ಲ. ನಮ್ಮ ಯೋಜನೆಗಳ ಬಜೆಟ್ ನೋಡಿದಾಗ ನನಗೆ ಮೊದಲು ಕಾಣುವುದು ಇದೇ ಕೊರತೆ. ಕ್ಯಾಮೆರಾ ಉಂಟು, ಲ್ಯಾಪ್‌ಟಾಪ್ ಉಂಟು, ಬಿಡುಗಡೆ ಸಮಾರಂಭಕ್ಕೆ ಹಾಲ್, ಅತಿಥಿಗಳಿಗೆ ಶಾಲು, ಸ್ಮರಣಿಕೆ, ಊಟ ಎಲ್ಲ ಉಂಟು. ಹಾಡುವ ಉಮ್ಮನಿಗೆ ಒಂದು ಸಾಲು ಇಲ್ಲ. ಎರಡು ದಿನ ಮನೆಕೆಲಸ ಬಿಟ್ಟು, ಮರೆತ ಸಾಲು ನೆನಪಿಸಿಕೊಂಡು ಹಾಡುವವರಿಗೆ ಒಂದು ಪ್ಯಾಕೆಟ್ ಬಿಸ್ಕತ್ತು! ಹಣ ಕೊಟ್ಟರೆ ಅವರಿಗೆ ಬೇಸರವಾಗಬಹುದು ಎನ್ನುತ್ತಾರೆ. ಕೇಳಿ ನೋಡಿದವರು ಯಾರು?

ನಾವು ಆರೇಳು ಮಂದಿ ಸೇರಿ ಮಾಡಹೊರಟಿರುವ ಕೆಲಸ ಎರಡು. ಒಂದು, ಮದುವೆ ಮನೆಗಳಲ್ಲಿ ಹೆಂಗಸರು ಹಾಡುತ್ತಿದ್ದ ಬ್ಯಾರಿ ಹಾಡುಗಳನ್ನು ರೆಕಾರ್ಡ್ ಮಾಡುವುದು. ಎರಡು, ಹಳೆಯ ಮನೆಗಳ ಪೆಟ್ಟಿಗೆಯಲ್ಲಿರುವ ಪತ್ರ, ಲೆಕ್ಕದ ಪುಸ್ತಕ, ಅರಬಿ-ಮಲಯಾಳಂ ಲಿಪಿಯ ಕಿತಾಬುಗಳ ಪ್ರತಿ ತೆಗೆಯುವುದು. ನಮ್ಮ ಅಜ್ಜಿಯರಲ್ಲಿ ಹಲವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ, ಆದರೆ 1607ರ ಮುಹ್ಯಿದ್ದೀನ್ ಮಾಲೆಯನ್ನು ಆ ಲಿಪಿಯಲ್ಲಿ ಓದುತ್ತಿದ್ದರು. ಅವರನ್ನು ಅನಕ್ಷರಸ್ಥರು ಎಂದು ಬರೆದುಬಿಟ್ಟೆವು. ಇವತ್ತು ಆ ಲಿಪಿ ಓದುವವರು ಎಷ್ಟು ಮನೆಯಲ್ಲಿದ್ದಾರೆ, ನಿಮ್ಮ ಮನೆಯಲ್ಲೇ ವಿಚಾರಿಸಿ.

ಭಾಷೆಗೆ ನಾವು ಏನೂ ಮಾಡಿಲ್ಲ ಎಂದಲ್ಲ. 2009ರಲ್ಲಿ ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ ಬಂತು. ಸುವೀರನ್ ಅವರ 'ಬ್ಯಾರಿ' ಸಿನಿಮಾ 59ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯಲ್ಲಿ ಅತ್ಯುತ್ತಮ ಚಿತ್ರದ ಗೌರವವನ್ನು ಮರಾಠಿಯ 'ದೇವೂಳ್' ಜೊತೆ ಹಂಚಿಕೊಂಡಿತು. ಅಕ್ಟೋಬರ್ 3ರಂದು ಭಾಷಾ ದಿನ ಆಚರಿಸುತ್ತೇವೆ. 2020ರಲ್ಲಿ ಹೊಸ ಲಿಪಿಯೂ ಬಂತು, ಅದು ಬೇಕೋ ಬೇಡವೋ ಎಂದು ಬೇಕಾದಷ್ಟು ಚರ್ಚೆ ಆಯಿತು. ಲಿಪಿಯನ್ನು ನಾಳೆಯೂ ಮಾಡಬಹುದು. ಹಾಡುವವರಿಗೆ ಈಗಲೇ ಎಪ್ಪತ್ತು ಎಂಬತ್ತು ವರ್ಷ.

ಇಲ್ಲಿ ಅವಿನಾಶಿಯ ಸುತ್ತ ನೇಯ್ಗೆಯ ದೇವಾಂಗ ಮನೆಗಳಿವೆ. ಅವರ ಮನೆಮಾತು ಕನ್ನಡ. ಅಂಗಡಿಯ ಬೋರ್ಡು ತಮಿಳು, ಮದುವೆ ಕಾಗದ ತಮಿಳು, ಮಕ್ಕಳ ಶಾಲೆ ತಮಿಳು ಇಲ್ಲವೇ ಇಂಗ್ಲಿಷ್. ನನ್ನ ಮಂಗಳೂರು ಕನ್ನಡ ಕೇಳಿ ಒಬ್ಬರು ಹಿರಿಯರು ನಕ್ಕರು, "ನೀವು ಪುಸ್ತಕದ ಹಾಗೆ ಮಾತಾಡ್ತೀರಿ" ಅಂದರು. ಅವರ ಕನ್ನಡ ತಲೆಮಾರುಗಳಿಂದ ಬಾಯಿಂದ ಬಾಯಿಗೆ ಬಂದದ್ದು, ಕನ್ನಡ ಅಕ್ಷರ ಅವರಿಗೆ ಗೊತ್ತಿಲ್ಲ. ಮೊಮ್ಮಗ ಮಾತ್ರ ಅಜ್ಜನಿಗೆ ತಮಿಳಿನಲ್ಲೇ ಉತ್ತರ ಕೊಡುತ್ತಿದ್ದ. ಮನೆಯೊಳಗೆ ಮಾತ್ರ ಬದುಕುವ ಭಾಷೆ ಮನೆಯೊಳಗೇ ಮುಗಿಯುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ, ಶಾರ್ಜಾದ ಫ್ಲಾಟಿನಲ್ಲಿ ನಮ್ಮ ಮಕ್ಕಳೂ ಹೀಗೆಯೇ ಅಲ್ಲವೇ?

ಹಾಗಾದರೆ ಹಣ ಎಲ್ಲಿ ಉಂಟು? ಬ್ರಿಟಿಷ್ ಲೈಬ್ರರಿ 2004ರಿಂದ ಅಳಿವಿನಂಚಿನ ದಾಖಲೆಗಳಿಗಾಗಿ ಒಂದು ಯೋಜನೆ ನಡೆಸುತ್ತಿದೆ, ಹಣ ಆರ್ಕೇಡಿಯಾ ಎಂಬ ನಿಧಿಯದ್ದು. ಮೂಲ ಕಾಗದ ದೇಶ ಬಿಟ್ಟು ಹೋಗಬಾರದು ಎಂಬುದು ಅದರ ನಿಯಮ, ಅದು ನನಗೆ ಮೆಚ್ಚುಗೆ. ನಮ್ಮ ಪೆಟ್ಟಿಗೆಯ ಪತ್ರಗಳಿಗೆ ಅದು ಸರಿಹೊಂದುತ್ತದೆ. ಆದರೆ ಹೊಸದಾಗಿ ಧ್ವನಿ ರೆಕಾರ್ಡ್ ಮಾಡಲು ಅದರಲ್ಲಿ ಹಣವಿಲ್ಲ. ಎರಡನ್ನೂ ಒಂದೇ ಅರ್ಜಿಯಲ್ಲಿ ತುಂಬಿಸಿದರೆ ಎರಡೂ ಹೋಗುತ್ತವೆ. ಹಾಡಿಗೆ ಬೇರೆ ಬಾಗಿಲು ನೋಡಬೇಕು. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ 1995ರಿಂದ ಕಲೆ, ಸಂಶೋಧನೆಗಳಿಗೆ ಅನುದಾನ ಕೊಡುತ್ತಿದೆ, ಕನ್ನಡದಲ್ಲೇ ಬರೆದ ಪ್ರಸ್ತಾವವನ್ನೂ ತೆಗೆದುಕೊಳ್ಳುತ್ತದೆ. ಇಂಗ್ಲಿಷ್ ಬರುವ ಒಬ್ಬ ಎಂಜಿನಿಯರ್ ಸಿಗುವವರೆಗೆ ಕಾಯುತ್ತಾ ಕೂತವರಿಗೆ ಇದನ್ನು ಹೇಳಲೇಬೇಕು.

ಕಂಪನಿಗಳ ಸಿಎಸ್‌ಆರ್ ಹಣವೂ ಇದೆ. 2013ರ ಕಂಪನಿ ಕಾಯ್ದೆಯ ಪ್ರಕಾರ ವರ್ಷಕ್ಕೆ 5 ಕೋಟಿ ನಿವ್ವಳ ಲಾಭ, ಅಥವಾ 1000 ಕೋಟಿ ವಹಿವಾಟು, ಅಥವಾ 500 ಕೋಟಿ ನಿವ್ವಳ ಮೌಲ್ಯ ಇರುವ ಕಂಪನಿ ಮೂರು ವರ್ಷದ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಶಾಲೆ, ಆಸ್ಪತ್ರೆ ಮಾತ್ರವಲ್ಲ, ಪರಂಪರೆ, ಕಲೆ, ಸಂಸ್ಕೃತಿಯ ರಕ್ಷಣೆಯೂ ಆ ಪಟ್ಟಿಯಲ್ಲಿದೆ. ತಿರುಪ್ಪೂರಿನ ರಫ್ತುದಾರರಿಗೆ ಇದು ಬಾಯಿಪಾಠ. ನಮ್ಮವರಲ್ಲೂ ಆ ಮಟ್ಟದ ಉದ್ಯಮಿಗಳಿದ್ದಾರೆ, ಅವರನ್ನು ವೇದಿಕೆಗೆ ಕರೆದು ಹಾರ ಹಾಕುವ ಬದಲು ಒಂದು ಸರಿಯಾದ ಪ್ರಸ್ತಾವ ಕೈಗೆ ಕೊಡಬಹುದು. ಆದರೆ ಕೊಡುವ ಮೊದಲು ನಮ್ಮ ಟ್ರಸ್ಟಿಗೆ 12ಎ, 80ಜಿ ನೋಂದಣಿ ಇರಬೇಕು, ಸಿಎಸ್‌ಆರ್-1 ಅರ್ಜಿ ಆಗಿರಬೇಕು. ವಿದೇಶದ ಹಣವಾದರೆ ಎಫ್‌ಸಿಆರ್‌ಎ. 2020ರ ತಿದ್ದುಪಡಿಯ ನಂತರ ಆ ಹಣ ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಇನ್ನೊಂದು ಸಂಸ್ಥೆಗೆ ದಾಟಿಸುವ ಹಾಗಿಲ್ಲ, ಆಡಳಿತದ ಖರ್ಚು ಶೇಕಡಾ 20 ಮೀರಬಾರದು. "ದುಬೈಯ ಕಾಕ ಕಳಿಸ್ತಾರೆ, ಆಮೇಲೆ ನೋಡುವ" ಎನ್ನುವ ಕಾಲ ಹೋಯಿತು. ನಮ್ಮಂಥ ಸಣ್ಣ ಗುಂಪಿಗೆ ನೋಂದಣಿ ಇರುವ ವಿಶ್ವವಿದ್ಯಾಲಯವೋ ಗ್ರಂಥಾಲಯವೋ ಜೊತೆಗೆ ಇರುವುದೇ ಒಳ್ಳೆಯದು.

ಹೊರಗಿನ ಹಣ ಬಂದರೆ ನಮ್ಮ ವಸ್ತು ಹೊರಗೆ ಹೋಗುತ್ತದೆ ಎಂಬ ಹೆದರಿಕೆಗೆ ತಮಿಳುನಾಡಿನಲ್ಲೇ ಉತ್ತರ ಉಂಟು. ಕೋಟ್ಟೈಯೂರಿನ ರೋಜಾ ಮುತ್ತಯ್ಯ ಎಂಬವರು ಬೋರ್ಡು ಬರೆಯುವ ಕಲಾವಿದ. ಜೀವಮಾನವಿಡೀ ಹಳೆಯ ತಮಿಳು ಪುಸ್ತಕ, ಪತ್ರಿಕೆ, ನಾಟಕದ ನೋಟಿಸು, ಆಮಂತ್ರಣ ಪತ್ರ ಕೂಡಿಟ್ಟರು. ಅವರು 1992ರಲ್ಲಿ ತೀರಿಹೋದ ಮೇಲೆ ಶಿಕಾಗೋ ವಿಶ್ವವಿದ್ಯಾಲಯ ಆ ಸಂಗ್ರಹವನ್ನು ಕೊಂಡಿತು. ಕೊಂಡದ್ದನ್ನು ಹಡಗಿಗೆ ಹಾಕಲಿಲ್ಲ, ಚೆನ್ನೈಯಲ್ಲೇ ಗ್ರಂಥಾಲಯ ಮಾಡಿ 1994ರಿಂದ ಅಲ್ಲೇ ಉಳಿಸಿತು. ಷರತ್ತು ಸರಿಯಾಗಿ ಬರೆದರೆ ಹಣ ಎಲ್ಲಿಂದ ಬಂದರೂ ವಸ್ತು ಊರಲ್ಲೇ ಇರುತ್ತದೆ. ಪ್ರತಿಯನ್ನು ಒಂದೇ ಕಡೆ ಇಡಬಾರದು ಎಂಬುದೂ ಷರತ್ತಿನಲ್ಲಿರಲಿ. 2023ರ ಅಕ್ಟೋಬರಿನಲ್ಲಿ ಬ್ರಿಟಿಷ್ ಲೈಬ್ರರಿಯ ಕಂಪ್ಯೂಟರುಗಳ ಮೇಲೆ ಸೈಬರ್ ದಾಳಿಯಾಗಿ ಅದರ ಆನ್‌ಲೈನ್ ಸೇವೆಗಳು ತಿಂಗಳುಗಟ್ಟಲೆ ನಿಂತವು. ಅಷ್ಟು ದೊಡ್ಡ ಸಂಸ್ಥೆಗೇ ಹಾಗಾದರೆ ನಮ್ಮ ಒಂದು ಹಾರ್ಡ್ ಡಿಸ್ಕಿನ ಗತಿ ಏನು?

ಈಗ ಜಗಳದ ವಿಷಯ. ಊರಿನ ಒಬ್ಬರು ಹಿರಿಯ ಉಮ್ಮ ಹಾಡಲು ಒಪ್ಪಿದ್ದಾರೆ, ಒಂದು ಪ್ರಶ್ನೆ ಇಟ್ಟುಕೊಂಡು. "ನನ್ನ ಸ್ವರ ಯಾರ್ಯಾರ ಮೊಬೈಲಿಗೆ ಹೋಗ್ತದೆ ಮೋನೇ?" ನಮ್ಮ ಗುಂಪಿನ ಯುವಕರಿಗೆ ಇದು ಅಡ್ಡಿಯ ಹಾಗೆ ಕಂಡಿತು. ಎಲ್ಲವನ್ನೂ ಯೂಟ್ಯೂಬಿಗೆ ಹಾಕುತ್ತೇವೆ ಎಂದು ಬರೆದರೆ ಅನುದಾನ ಸುಲಭ, ಮೊದಲು ಅರ್ಜಿ ಹಾಕುವ, ಒಪ್ಪಿಗೆ ಆಮೇಲೆ ತೆಗೆಯುವ ಎಂದರು. ನಾನು ಒಪ್ಪುವುದಿಲ್ಲ. ಹೆಂಗಸರು ಹೆಂಗಸರ ನಡುವೆ, ಮದುಮಗಳ ಕೋಣೆಯಲ್ಲಿ ಹಾಡಿದ ಹಾಡದು. ಅದನ್ನು ಯಾರು ಕೇಳಬೇಕು ಎಂದು ಹೇಳುವ ಹಕ್ಕು ಹಾಡಿದವರದ್ದು. ಇದಕ್ಕೆ ದಾರಿಯೂ ಇಲ್ಲದಿಲ್ಲ. ಮೊದಲು ಲಂಡನ್ನಿನಲ್ಲಿದ್ದು 2021ರಲ್ಲಿ ಬರ್ಲಿನ್ನಿಗೆ ಹೋದ ಅಳಿವಿನಂಚಿನ ಭಾಷೆಗಳ ದಾಖಲಾತಿ ಯೋಜನೆಯ ಭಂಡಾರದಲ್ಲಿ ಕೆಲವು ಧ್ವನಿ ಎಲ್ಲರಿಗೂ, ಕೆಲವು ಅನುಮತಿ ಕೇಳಿದವರಿಗೆ ಮಾತ್ರ ಎಂದು ಬೇರೆ ಬೇರೆ ಇಡಬಹುದು. ನಮ್ಮ ಅರ್ಜಿಯಲ್ಲೂ ಹಾಗೆಯೇ ಬರೆಯೋಣ: ಈ ಹಾಡು ಎಲ್ಲರಿಗೆ, ಈ ಹಾಡು ಸಂಶೋಧಕರಿಗೆ, ಈ ಹಾಡು ಆ ಮನೆಯವರಿಗೆ ಮಾತ್ರ. ಅದಕ್ಕೆ ಹಣ ಕೊಡದ ಸಂಸ್ಥೆ ಇದ್ದರೆ ಬೇರೆ ಸಂಸ್ಥೆ ಹುಡುಕುವ.

ಕೊನೆಯ ದಿನಾಂಕ ಹತ್ತಿರ ಬಂತು ಎಂಬ ಅವಸರವೂ ನನಗೆ ಅರ್ಥವಾಗುತ್ತದೆ. ಆದರೆ ಈ ಅವಿನಾಶಿಯವರನ್ನು ನೋಡಿ. ಭವಾನಿ ನದಿಯ ಹೆಚ್ಚುವರಿ ನೀರನ್ನು ಈ ಒಣ ಸೀಮೆಯ ಕೆರೆಗಳಿಗೆ ತರುವ ಅತ್ತಿಕ್ಕಡವು-ಅವಿನಾಶಿ ಯೋಜನೆಗೆ ಇವರು ಅರವತ್ತು ವರ್ಷ ಅರ್ಜಿ ಕೊಟ್ಟರು, ಧರಣಿ ಕೂತರು. 1,916 ಕೋಟಿ ರೂಪಾಯಿ ಖರ್ಚಾಗಿ 1,045 ಕೆರೆಕುಂಟೆಗಳಿಗೆ ನೀರು ಹರಿಸುವ ಯೋಜನೆ ಉದ್ಘಾಟನೆಯಾದದ್ದು 2024ರ ಆಗಸ್ಟ್ 17ರಂದು. ಅಷ್ಟು ಕಾಯಲು ನಮ್ಮ ಉಮ್ಮಂದಿರಿಗೆ ಆಯುಸ್ಸಿಲ್ಲ, ನಿಜ. ಒಂದು ವರ್ಷ ಕಾಯಬಹುದು. ಆ ವರ್ಷದಲ್ಲಿ ಅನುದಾನ ಇಲ್ಲದೆಯೂ ಒಂದು ಒಳ್ಳೆಯ ರೆಕಾರ್ಡರ್ ಹಿಡಿದು, ಒಪ್ಪಿದವರ ಹಾಡನ್ನು ಶುರು ಮಾಡಬಹುದು. ಅದಕ್ಕೆ ಬೇಕಾದ ಹಣ ಗಲ್ಫಿನ ಹುಡುಗರೇ ಕೊಡಲಿ, ಅಲ್ಲಿ ಅವರ ಹಣ ಸರಿಯಾಗಿ ಉಪಯೋಗವಾಗುತ್ತದೆ. ಮಾಡಿದ ಕೆಲಸದ ಸ್ಯಾಂಪಲ್ ಇಲ್ಲದೆ ಆರ್ಡರ್ ಕೇಳಲು ಹೋಗುವವರನ್ನು ತಿರುಪ್ಪೂರಿನಲ್ಲಿ ಯಾರೂ ಕೂರಿಸಿ ಚಾ ಕೊಡುವುದಿಲ್ಲ.

ಮುಂದಿನ ತಿಂಗಳು ವೆಸ್ಟ್ ಕೋಸ್ಟ್ ಎಕ್ಸ್‌ಪ್ರೆಸ್ಸಿನಲ್ಲಿ ಊರಿಗೆ ಬರುತ್ತಿದ್ದೇನೆ. ಅರ್ಜಿಯ ಕರಡನ್ನು ಬ್ಯಾರಿಯಲ್ಲೇ ಬರೆಸಿದ್ದೇವೆ, ಕನ್ನಡ ಲಿಪಿಯಲ್ಲಿ, ಎರಡೇ ಪುಟ. ಹಾಡುವ ಮೂರು ಮನೆಗಳಲ್ಲಿ ಅದನ್ನು ಗಟ್ಟಿಯಾಗಿ ಓದಿ ಹೇಳುತ್ತೇವೆ. ಹಾಡುವವರಿಗೆ ಕೊಡುವ ಹಣದ ಸಾಲು ಬಜೆಟ್ಟಿನ ಮೊದಲನೆಯದು, ಮೊತ್ತ ಖಾಲಿ ಬಿಟ್ಟಿದ್ದೇವೆ, ಅದನ್ನು ಅವರೇ ಹೇಳಲಿ. ನಿಮ್ಮ ಮನೆಯಲ್ಲೂ ಹಳೆಯ ಪೆಟ್ಟಿಗೆ ಇದ್ದರೆ ಅದನ್ನು ಗುಜರಿಯವನಿಗೆ ಕೊಡುವ ಮೊದಲು ಒಳಗಿನ ಕಾಗದ ತೆಗೆದು ಒಣಗಿದ ಜಾಗದಲ್ಲಿ ಇಡಿ. ಲ್ಯಾಮಿನೇಶನ್ ಮಾತ್ರ ಮಾಡಿಸಬೇಡಿ.