ವಿಮಾನದ ಚಿತ್ರವೂ ಸ್ವಂತ ಮಾರ್ಗವೂ

ಕಲೆಯ ವಿಚಾರದಲ್ಲಿ ಶೈಲಿಯೆಂಬ ಮಾತು ಬಂದಾಗಲೆಲ್ಲ ನಮ್ಮ ತರುಣರು ಅದನ್ನು ಎಲ್ಲಿಯೋ ದೂರದಿಂದ ತರಬೇಕಾದ ವಸ್ತುವೆಂದು ಭಾವಿಸುತ್ತಾರೆ. ಕವಿತೆ ಬರೆಯುವವರಲ್ಲಿ ಈ ಭ್ರಮೆ ಹಳೆಯದು. ಕ್ಯಾಮರಾ ಹಿಡಿದವರಲ್ಲಿ ಹೊಸದು. ಅವರಲ್ಲಿಯೂ ವಿಮಾನಗಳ ಛಾಯಾಚಿತ್ರಕ್ಕೆ ಮನಸೋತವರಲ್ಲಿ ಅದು ಇನ್ನೂ ಬಲವಾಗಿ ಕಾಣಿಸುತ್ತದೆ. ವಿಮಾನವೇ ದೂರದ ವಸ್ತು. ಅದನ್ನು ಹತ್ತಿರಕ್ಕೆ ತರುವ ಲೆನ್ಸು ದುಬಾರಿಯ ವಸ್ತು. ಕಣ್ಣಿಗೆ ಬಿದ್ದ ಮಾದರಿಗಳೆಲ್ಲ ಪರದೇಶದವು. ಹೀಗಿರುವಾಗ ಕಲಬುರಗಿಯ ಗಾಜಿಪುರದಂಥ ಬಡಾವಣೆಯಲ್ಲಿ ಮಾಳಿಗೆಯ ಮೇಲೆ ನಿಂತ ವಿದ್ಯಾರ್ಥಿಯೊಬ್ಬನು ತನಗೂ ಒಂದು ಸ್ವಂತ ರೀತಿ ಸಾಧ್ಯವೆಂದು ನಂಬುವುದು ಹೇಗೆ? ಪ್ರಶ್ನೆ ಕೇವಲ ಹವ್ಯಾಸದ್ದೆಂದು ತೋರಬಹುದು. ಆದರೆ ಸಾಹಿತ್ಯದ ಪುಟದಲ್ಲಿ ಅದನ್ನು ಎತ್ತಿಕೊಳ್ಳಲು ಕಾರಣವಿದೆ. ತನ್ನ ಊರಿನ ಆಕಾಶವನ್ನು ಇನ್ನೊಬ್ಬರ ಕಣ್ಣಿನಿಂದ ನೋಡಲು ಕಲಿತವನು ತನ್ನ ಊರಿನ ಬದುಕನ್ನೂ ಹಾಗೆಯೇ ನೋಡುವ ಅಪಾಯವಿದೆ.

ಕಲಬುರಗಿಗೆ ವಿಮಾನಯಾನ ಬಂದದ್ದು ತಡವಾಗಿ. 2008ರಲ್ಲಿ ಶಂಕುಸ್ಥಾಪನೆಯಾದ ವಿಮಾನನಿಲ್ದಾಣ ಉದ್ಘಾಟನೆಯಾದದ್ದು 2019ರ ನವೆಂಬರ್ 22ರಂದು. ಸೇಡಂ ದಾರಿಯಲ್ಲಿ, ಶ್ರೀನಿವಾಸ ಸರಡಗಿಯ ಬಳಿ, ಎರೆಹೊಲಗಳ ನಡುವೆ ಮೂರು ಕಿಲೋಮೀಟರಿಗೂ ಉದ್ದವಾದ ರನ್‌ವೇ ಸಿದ್ಧವಾಗಿ, ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿಯಿತು. ಅದೇ 2019ರಲ್ಲಿ ಈ ಸೀಮೆಯ ತೊಗರಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ನವೆಂಬರ್ ಎಂದರೆ ತೊಗರಿ ಹೂಬಿಟ್ಟು ಕಾಯಿ ಕಟ್ಟುವ ದಿನಗಳು. ತೊಗರಿಯ ನಾಡಿನಲ್ಲಿ ಮೊದಲ ವಿಮಾನ ಇಳಿಯುವಾಗ ಹೊಲದ ಬದುವಿನ ಮೇಲೆ ನಿಂತವನಿಗೆ ಅದು ಹೇಗೆ ಕಂಡಿತು? ಉದ್ಘಾಟನೆಯ ಚಿತ್ರಗಳೆಂದರೆ ಸಾಮಾನ್ಯವಾಗಿ ವೇದಿಕೆ, ಹಾರ, ಹಸ್ತಲಾಘವ. ಬದುವಿನ ಮೇಲೆ ನಿಂತವನ ನೋಟವನ್ನು ಹಿಡಿದಿಡಬೇಕಾದವರು ಊರಿನವರೇ. ಸಣ್ಣ ಊರುಗಳ ವಿಮಾನಸೇವೆ ಇಂದು ಆರಂಭವಾಗಿ ನಾಳೆ ನಿಲ್ಲಬಹುದು; ನಿಂತ ಮೇಲೆ ಉಳಿಯುವುದು ಯಾರಾದರೂ ಕಂಡು ತೆಗೆದಿಟ್ಟ ಚಿತ್ರ ಮಾತ್ರ.

ಅದೇ ಸೇಡಂ ದಾರಿಯಲ್ಲಿ ಇನ್ನೂ ಮುಂದೆ ಹೋದರೆ ಕಾಗಿಣಾ ನದಿಯ ದಂಡೆಯಲ್ಲಿ ಮಳಖೇಡ ಸಿಗುತ್ತದೆ. ಅದು ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ ಹುಟ್ಟಿದ ನೆಲ. ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಮೊದಲನೆಯದೇ ಶೈಲಿಯನ್ನು ಕುರಿತ ಗ್ರಂಥವೆಂಬುದು ನೆನೆಯತಕ್ಕ ಸಂಗತಿ. ‘ಮಾರ್ಗ’ ಎಂದರೆ ಕಾವ್ಯ ನಡೆಯುವ ದಾರಿ, ಅದರ ರೀತಿ. ದಕ್ಷಿಣಮಾರ್ಗ, ಉತ್ತರಮಾರ್ಗಗಳ ಭೇದವನ್ನು ಅಲ್ಲಿ ವಿವರಿಸಲಾಗಿದೆ. ಅದಕ್ಕೆ ಆಧಾರವಾದ ದಂಡಿಯ ‘ಕಾವ್ಯಾದರ್ಶ’ ಇನ್ನೊಂದು ಸೂಕ್ಷ್ಮವನ್ನೂ ಹೇಳುತ್ತದೆ: ಎರಡು ಮಾರ್ಗಗಳನ್ನು ಲಕ್ಷಣ ಹೇಳಿ ಬೇರ್ಪಡಿಸಬಹುದು, ಆದರೆ ಕವಿಯಿಂದ ಕವಿಗೆ ಇರುವ ಭೇದವನ್ನು ಹೇಳಿ ಮುಗಿಸಲಾಗದು. ಕಬ್ಬು, ಹಾಲು, ಬೆಲ್ಲಗಳ ಸವಿಯಲ್ಲಿ ಅಂತರವಿದೆಯೆಂದು ನಾಲಗೆ ಬಲ್ಲದು; ಆ ಅಂತರವನ್ನು ಮಾತಿನಲ್ಲಿ ಹೇಳುವುದು ಸರಸ್ವತಿಗೂ ಕಷ್ಟ.

ಛಾಯಾಚಿತ್ರಕ್ಕೂ ಈ ವಿವೇಕ ಹೊಂದುತ್ತದೆ. ಚಲಿಸುವ ವಿಮಾನದೊಡನೆ ಕ್ಯಾಮರಾವನ್ನು ಸಮನಾಗಿ ತಿರುಗಿಸುವುದು, ಬೆಳಕಿನ ದಿಕ್ಕನ್ನು ಅರಿಯುವುದು, ಷಟರಿನ ವೇಗವನ್ನು ಆರಿಸುವುದು, ಇವೆಲ್ಲ ಎಲ್ಲರಿಗೂ ಸಮಾನವಾದ ಮಾರ್ಗ. ಇವನ್ನು ಗುರುವಿನಿಂದ, ಪುಸ್ತಕದಿಂದ, ಅಭ್ಯಾಸದಿಂದ ಕಲಿಯಬೇಕು, ಕಲಿಯದೆ ಗತಿಯಿಲ್ಲ. ಕಲಿತ ಮೇಲೆ ಉಳಿಯುವ ಸವಿಯ ಭೇದವೇ ಸ್ವಂತ ಶೈಲಿ.

ಸಮಾನ ಮಾರ್ಗದಲ್ಲಿಯೇ ನಿಂತುಬಿಟ್ಟರೆ ಏನಾಗುವುದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. 1996ರಿಂದ ಬೆಂಗಳೂರಿನ ಯಲಹಂಕದ ವಾಯುನೆಲೆಯಲ್ಲಿ ‘ಏರೋ ಇಂಡಿಯಾ’ ಪ್ರದರ್ಶನ ನಡೆಯುತ್ತ ಬಂದಿದೆ. ಸಾವಿರಾರು ಕ್ಯಾಮರಾಗಳು ಅದೇ ಬೇಲಿಯ ಹಿಂದೆ, ಅದೇ ಸೂರ್ಯನ ಕೆಳಗೆ, ಅದೇ ಕ್ಷಣಕ್ಕೆ ಕಾದಿರುತ್ತವೆ. ನೆಟ್ಟಗೆ ಮೇಲೇರುವ ತೇಜಸ್, ಹೊಗೆಯಿಂದ ಬಿಡಿಸಿದ ಹೃದಯದ ಆಕಾರ, ಎದುರುಬದುರಾಗಿ ಹಾಯುವ ಎರಡು ವಿಮಾನಗಳು: ಚಿತ್ರಗಳು ನಿಚ್ಚಳವಾಗಿವೆ, ನಿರ್ದೋಷವಾಗಿವೆ. ಆದರೆ ತೆಗೆದವರ ಹೆಸರುಗಳನ್ನು ಅದಲುಬದಲು ಮಾಡಿದರೆ ಯಾರಿಗೂ ತಿಳಿಯದು. ಇದು ಯಂತ್ರದ ಜಯ, ವಿಮಾನ ಚಾಲಕನ ಕೌಶಲದ ಜಯ. ಛಾಯಾಗ್ರಾಹಕನ ಪಾಲು ಅದರಲ್ಲಿ ಎಷ್ಟು?

ಗಾಜಿಪುರದ ವಿದ್ಯಾರ್ಥಿ ಯಲಹಂಕಕ್ಕೆ ಹೋಗಲಾಗಲಿಲ್ಲವೆಂದು ಕೊರಗಬೇಕಾದ್ದಿಲ್ಲ. ಕಮಲಾಪುರ, ಹುಮನಾಬಾದುಗಳನ್ನು ಹಾದು ಉತ್ತರಕ್ಕೆ ಹೋದರೆ ಬೀದರ ಬರುತ್ತದೆ. ವಾಯುಪಡೆಯ ‘ಸೂರ್ಯಕಿರಣ’ ತಂಡ 1996ರಲ್ಲಿ ರೂಪುಗೊಂಡದ್ದು ಅಲ್ಲಿಯೇ. ಬೆಂಗಳೂರಿನ ಎಚ್‌.ಎ.ಎಲ್‌. ನಿರ್ಮಿಸಿದ ಕಿರಣ್ ವಿಮಾನಗಳಲ್ಲಿ 2011ರವರೆಗೆ ಹಾರಿದ ಆ ತಂಡ, 2015ರಲ್ಲಿ ಹಾಕ್ ವಿಮಾನಗಳೊಡನೆ ಮತ್ತೆ ಆಕಾಶಕ್ಕೆ ಬಂದಿತು. ಒಂಬತ್ತು ವಿಮಾನಗಳು ಒಂದೇ ಬೆರಳೆಣಿಕೆಗೆ ಹೊರಳುವುದನ್ನು ದೇಶವೆಲ್ಲ ಪ್ರದರ್ಶನದ ದಿನ ನೋಡುತ್ತದೆ. ಬೀದರದ ರೈತನಿಗಾದರೋ ತರಬೇತಿಯ ವಿಮಾನಗಳ ಸದ್ದು ವಾರದ ದಿನಗಳ ಸಂಗತಿ. ಪ್ರದರ್ಶನದ ಸೂರ್ಯಕಿರಣವನ್ನು ತೆಗೆದವರು ಲೆಕ್ಕವಿಲ್ಲದಷ್ಟು. ತಲೆಯೆತ್ತಿಯೂ ನೋಡದೆ ಕಳೆ ಕೀಳುತ್ತಿರುವ ಹೆಂಗಸರ ಮೇಲೆ ಹಾಯ್ದುಹೋಗುವ ವಿಮಾನವನ್ನು ತೆಗೆಯಬಲ್ಲವರು ಆ ನೆಲದವರು. ವಾಯುನೆಲೆಯ ಆವರಣದಲ್ಲಿ ಅನುಮತಿಯಿಲ್ಲದೆ ಕ್ಯಾಮರಾ ಎತ್ತಕೂಡದೆಂಬುದನ್ನು ಇಲ್ಲಿ ಹೇಳಿಬಿಡುವುದು ಅಗತ್ಯ. ಆದರೆ ನಾವು ಹೇಳುತ್ತಿರುವ ಚಿತ್ರಕ್ಕೆ ಆವರಣದ ಒಳಗೆ ಹೋಗುವ ಅವಶ್ಯಕತೆಯೇ ಇಲ್ಲ.

ವಿಮಾನದ ಚಿತ್ರಗಳಲ್ಲೆಲ್ಲ ಪ್ರಸಿದ್ಧವಾದ ಮೊದಲ ಚಿತ್ರವೂ ಈ ಮಾತನ್ನೇ ಸಮರ್ಥಿಸುತ್ತದೆ. 1903ರ ಡಿಸೆಂಬರ್ 17ರಂದು ಅಮೆರಿಕದ ಕಿಟ್ಟಿಹಾಕ್ ಬಳಿಯ ಮರಳಿನಲ್ಲಿ ರೈಟ್ ಸಹೋದರರ ಯಂತ್ರ 12 ಸೆಕೆಂಡು, 120 ಅಡಿ ಹಾರಿತು. ಆರ್ವಿಲ್ ರೈಟ್ ಕ್ಯಾಮರಾವನ್ನು ಮುಂಚೆಯೇ ಟ್ರೈಪಾಡಿನ ಮೇಲೆ ಗುರಿಯಿಟ್ಟು ನಿಲ್ಲಿಸಿ, ಕಡಲತೀರದ ಜೀವರಕ್ಷಕ ದಳದ ಜಾನ್ ಡೇನಿಯಲ್ಸ್‌ಗೆ ಅದನ್ನು ಒಪ್ಪಿಸಿದ್ದನು. ಡೇನಿಯಲ್ಸ್ ಕ್ಯಾಮರಾ ಬಳಸಿ ಅಭ್ಯಾಸವಿದ್ದವನಲ್ಲ. ಆ ಚಿತ್ರದಲ್ಲಿ ಯಂತ್ರ ನೆಲದಿಂದ ಎದ್ದಿರುವುದು ಕೇವಲ ಒಂದೆರಡು ಅಡಿ. ಆದರೂ ಅದು ಇಂದಿಗೂ ನಮ್ಮನ್ನು ಹಿಡಿದು ನಿಲ್ಲಿಸುತ್ತದೆ. ಏಕೆಂದರೆ ಬಲಗಡೆಯಲ್ಲಿ ಓಡುತ್ತ ಬಂದು ತಟ್ಟನೆ ನಿಂತಂತಿರುವ ವಿಲ್ಬರ್ ಇದ್ದಾನೆ, ಮರಳಿನ ಮೇಲೆ ಹೆಜ್ಜೆಗುರುತುಗಳಿವೆ, ರೆಕ್ಕೆಗೆ ಆಸರೆಯಾಗಿದ್ದ ಸಣ್ಣ ಬೆಂಚಿದೆ. ಯಂತ್ರವನ್ನಷ್ಟೇ ಕತ್ತರಿಸಿ ಉಳಿಸಿದರೆ ದಾಖಲೆ ಉಳಿದೀತು. ಆ ಬೆಳಗು ಉಳಿಯದು.

ಫ್ರಾನ್ಸಿನ ಝಾಕ್ ಆನ್ರಿ ಲಾರ್ತೀಗ್ 1894ರಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಕ್ಯಾಮರಾ ಹಿಡಿದವನು. ತನ್ನ ಅಣ್ಣ ಮನೆಯ ತೋಟದಲ್ಲಿ ಕಟ್ಟಿ ಹಾರಿಸಲು ಹೆಣಗುತ್ತಿದ್ದ ಗ್ಲೈಡರುಗಳನ್ನೂ, ಊರ ಬಯಲಿಗೆ ಬಂದ ಆದಿಕಾಲದ ವೈಮಾನಿಕರನ್ನೂ ಅವನು ಚಿತ್ರಿಸಿದನು. ಜಗತ್ತು ಅವುಗಳ ಬೆಲೆಯನ್ನು ಕಂಡದ್ದು 1963ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಪ್ರದರ್ಶನ ಏರ್ಪಡಿಸಿದಾಗ. ಆಗ ಅವನಿಗೆ ಎಪ್ಪತ್ತು ಸಮೀಪಿಸಿತ್ತು. ಆ ಹುಡುಗನು ಶೈಲಿಗಾಗಿ ತಿಣುಕಿದವನಲ್ಲ; ತನ್ನವರ ಸಂಭ್ರಮ ಕಳೆದುಹೋದೀತೆಂಬ ಕಳವಳದಿಂದ ನೋಡಿದವನು. ನಮ್ಮಲ್ಲಿಯೂ ಮೈಸೂರಿನ ಟಿ. ಎಸ್. ಸತ್ಯನ್ (1923–2009) ಸಾಮಾನ್ಯರ ಮುಖಗಳನ್ನು ಅಕ್ಕರೆಯಿಂದ ನೋಡಿಯೇ ತಮ್ಮ ಮಾರ್ಗವನ್ನು ಕಂಡುಕೊಂಡವರು. ಅವರು ವಿಮಾನಗಳ ಛಾಯಾಗ್ರಾಹಕರೆಂದು ಪ್ರಸಿದ್ಧರಲ್ಲ. ಆದರೆ ವಿಮಾನವನ್ನು ನೋಡುತ್ತಿರುವ ಮಗುವಿನ ಮುಖವೂ ವಿಮಾನದ ಚಿತ್ರವೇ ಎಂಬುದನ್ನು ಅವರ ಕೃತಿಗಳಿಂದ ಕಲಿಯಬಹುದು.

ಇನ್ನು ತಂತ್ರದ ಮಾತು. ಎ.ಟಿ.ಆರ್. ವಿಮಾನದ ಆರು ಅಲಗಿನ ಪಂಖವನ್ನಾಗಲಿ, ತರಬೇತಿಯ ಪುಟ್ಟ ವಿಮಾನದ ಪಂಖವನ್ನಾಗಲಿ ಸೆಕೆಂಡಿನ ಸಾವಿರದಲ್ಲೊಂದು ಭಾಗದ ವೇಗದಲ್ಲಿ ತೆಗೆದರೆ ಅಲಗುಗಳು ನಿಂತಂತೆ ಕಾಣುತ್ತವೆ. ವಿಮಾನ ಗಾಳಿಯಲ್ಲಿ ತೂಗುಹಾಕಿದ ಆಟಿಕೆಯಾಗುತ್ತದೆ. ವೇಗವನ್ನು ನೂರರಲ್ಲೊಂದು ಭಾಗದ ಆಸುಪಾಸಿಗೆ ಇಳಿಸಿದರೆ ಪಂಖ ತೆಳುವಾದ ಚಕ್ರವಾಗುತ್ತದೆ, ಚಲನೆ ಬರುತ್ತದೆ. ಆದರೆ ಹತ್ತು ಚಿತ್ರಗಳಲ್ಲಿ ಹಲವು ಕೈ ನಡುಕಕ್ಕೆ ಬಲಿಯಾಗುತ್ತವೆ. ಎರಡರಲ್ಲಿ ಯಾವುದನ್ನು ಆರಿಸಬೇಕು, ಎಷ್ಟು ನಷ್ಟಕ್ಕೆ ಸಿದ್ಧನಾಗಬೇಕು ಎಂಬುದನ್ನು ಕೈಪಿಡಿ ಹೇಳದು. ಅಲ್ಲಿಂದ ಸ್ವಂತ ವಿವೇಚನೆ ಆರಂಭವಾಗುತ್ತದೆ.

ಬಿಸಿಲಿನ ವಿಷಯವೂ ಹಾಗೆಯೇ. ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿಯ ತಾಪ 40 ಡಿಗ್ರಿ ದಾಟುವುದು ಸಾಮಾನ್ಯ. ಕಾದ ಎರೆಭೂಮಿಯಿಂದ, ರನ್‌ವೇಯಿಂದ ಮೇಲೇಳುವ ಬಿಸಿಗಾಳಿಯಲ್ಲಿ ದೂರದ ವಿಮಾನ ನೀರಿನೊಳಗಿನ ಮೀನಿನಂತೆ ಅಲುಗುತ್ತದೆ. ಎಷ್ಟು ಬೆಲೆಯ ಲೆನ್ಸು ಕೊಂಡರೂ ಈ ಅಲುಗಾಟ ಹೋಗದು. ನಸುಕಿನಲ್ಲಿ ತೆಗೆಯಿರಿ, ಮಧ್ಯಾಹ್ನ ಬಿಡಿರಿ ಎಂದು ತಿಳಿದವರು ಹೇಳುತ್ತಾರೆ, ಸರಿಯಾದ ಮಾತೇ. ಆದರೂ ಈ ಊರಿನ ವೈಶಾಖದಲ್ಲಿ ಆಕಾಶದಿಂದ ಇಳಿಯುವುದೆಲ್ಲ ಹೀಗೆಯೇ ನಡುಗುತ್ತ ಇಳಿಯುತ್ತದೆಂದು ತೋರಿಸಲು ಒಬ್ಬನು ನಿರ್ಧರಿಸಿದನೆಂದುಕೊಳ್ಳೋಣ. ಆಗ ದೋಷವೆಂದು ಎಣಿಸಿದ್ದೇ ಸತ್ಯವಾಗುತ್ತದೆ. ಶೀತದೇಶದ ನಿಚ್ಚಳ ಬೆಳಕಿನ ಚಿತ್ರವನ್ನು ಅನುಕರಿಸಲು ಹೋದವನಿಗೆ ಈ ಊರಿನ ಬಿಸಿಲು ಶತ್ರು. ಇದನ್ನು ಒಪ್ಪಿಕೊಂಡವನಿಗೆ ಬಂಡವಾಳ.

ಇಲ್ಲೊಂದು ಎಚ್ಚರಿಕೆ ಬೇಕು. ತೆಗೆದ ಚಿತ್ರಕ್ಕೆ ಬೇರೆಯ ಮೋಡ ಅಂಟಿಸುವುದು, ಇಲ್ಲದ ಚಂದ್ರನನ್ನು ವಿಮಾನದ ಹಿಂದೆ ಇಡುವುದು ಈಗ ಕ್ಷಣದ ಕೆಲಸ. ಅಷ್ಟೇಕೆ, ವಿಮಾನವನ್ನೇ ನೋಡದೆ ವಿಮಾನದ ಚಿತ್ರವನ್ನು ಯಂತ್ರದಿಂದ ಬರೆಯಿಸಬಹುದು. ಅಂಥವು ಅಲಂಕಾರಕ್ಕೆ ಇದ್ದುಕೊಳ್ಳಲಿ. ಆದರೆ ಇಂಥ ದಿನ, ಇಂಥ ಹೊಲದ ಅಂಚಿನಲ್ಲಿ ಒಬ್ಬ ಮನುಷ್ಯ ನಿಂತಿದ್ದನೆಂಬ ಸಾಕ್ಷ್ಯ ಅವುಗಳಲ್ಲಿ ಇಲ್ಲ. ಸಾಕ್ಷ್ಯವಿಲ್ಲದ ಕಡೆ ಶೈಲಿಯ ಮಾತಿಗೂ ಅರ್ಥವಿಲ್ಲ.

ನಮ್ಮ ಅಧ್ಯಾಪಕರಲ್ಲಿ ಒಂದು ವಿನಂತಿ. ಕಾಲೇಜುಗಳಲ್ಲಿ ಛಾಯಾಚಿತ್ರದ ಆಸಕ್ತಿಯುಳ್ಳ ವಿದ್ಯಾರ್ಥಿಗಳಿಗೆ ಬಹುಮಾನದ ಸ್ಪರ್ಧೆಗಿಂತ ಒಂದು ವರ್ಷದ ಅಭ್ಯಾಸವನ್ನು ಕೊಡಲಿ. ಒಂದೇ ಜಾಗ, ಕೈಯಲ್ಲಿರುವ ಒಂದೇ ಉಪಕರಣ, ಅದು ಮೊಬೈಲ್ ಫೋನಾದರೂ ಚಿಂತೆಯಿಲ್ಲ. ಗಾಜಿಪುರದ ಮಾಳಿಗೆಯಿಂದ ವಿಮಾನ ಅಂಗೈಯಷ್ಟೂ ಕಾಣದಿರಬಹುದು. ಆಗ ಚಿತ್ರದ ಉಳಿದ ಭಾಗವನ್ನು ತುಂಬುವುದೇನು ಎಂದು ಯೋಚಿಸಬೇಕಾಗುತ್ತದೆ: ಒಣಹಾಕಿದ ಬಟ್ಟೆಗಳೋ, ನೀರಿನ ಟಾಕಿಯೋ, ಬಹಮನಿ ಕಾಲದ ಗುಂಬಜೋ, ಮುಂಗಾರಿನ ಮೋಡವೋ. ವರ್ಷದ ಕೊನೆಗೆ ಹನ್ನೆರಡು ಚಿತ್ರಗಳನ್ನು ಆರಿಸಿ, ತೆಗೆದವರ ಹೆಸರನ್ನು ಮುಚ್ಚಿ, ತರಗತಿಯ ಗೋಡೆಯ ಮೇಲೆ ಸಾಲಾಗಿ ಇಡಲಿ. ಯಾವುದು ಯಾರದೆಂದು ಗೆಳೆಯರು ಗುರುತಿಸಬಲ್ಲರಾದರೆ ಆ ವಿದ್ಯಾರ್ಥಿಗೆ ಮಾರ್ಗ ಸಿಕ್ಕಿತೆಂದು ತಿಳಿಯಬಹುದು. ಗುರುತಿಸಲಾರದೆ ಹೋದರೂ ನಷ್ಟವಿಲ್ಲ. ಕಲಬುರಗಿಯ ಆಕಾಶ ಒಂದು ವರ್ಷ ಹೇಗಿತ್ತೆಂಬುದು ಊರಿನವರ ಕೈಯಿಂದಲೇ ದಾಖಲಾಗಿರುತ್ತದೆ. ಮುಂದಿನ ವರ್ಷ ಮತ್ತೊಬ್ಬರು ಅದೇ ಮಾಳಿಗೆಯನ್ನು ಹತ್ತಬಹುದು.